ಸೋಮವಾರದ ಹದಿನಾಲ್ಕು ಎಕರೆ

ನವಲಗುಂದದಾಗ ರೈತರು ಕೂಡಿ ಕಟ್ಟಿದ ಒಂದು ಕಂಪನಿ ಐತಿ. ಅಲ್ಲಿ ನನ್ನ ಕೆಲಸ ಚಾರ್ಟ್ ತಗಿಯೂದು. ದಿನಾ ಎಷ್ಟು ಎಕರೆ ಹೆಸರುಕಾಳು ಬಿತ್ತಿಗಿ ಆತು ಅಂತ ಊರೂರಿಂದ ಲೆಕ್ಕ ಬರ್ತಿತ್ತು; ನಾ ಬರದ ಕೋಡ್ ಅದನ್ನ ಗೆರಿ ಮಾಡಿ ಡ್ಯಾಶ್‌ಬೋರ್ಡಿಗೆ ಏರಸ್ತಿತ್ತು. ತಾಳೆ ನೋಡಿದ ಚಾರ್ಟಿಗೆ ಹಸಿರು ಗುರುತು ಒತ್ತಬೇಕು. ಗುರುತು ಬಿತ್ತಂದ್ರ ಅದು ಖರೇ, ಮತ್ತ್ಯಾರೂ ಕೇಳಂಗಿಲ್ಲ. ಒತ್ತೋ ಅಧಿಕಾರ ನನಗ ಒಬ್ಬನಿಗೇ. ಸೊಕ್ಕು ಬರದ ಇರ್ತದೇನ್ರಿ?

ತಿರ್ಲಾಪುರದ ಲೆಕ್ಕ ಕಳಸಾವ್ರು ಒಬ್ಬ ಅಕ್ಕಾರು. ಹೊಲ ತಿರುಗಿ ನೋಟಬುಕ್ಕಿನಾಗ ಬರಕೊಂಡು, ಸಂಜಿಕೆ ಮೊಬೈಲಿನಾಗ ತುಂಬ್ತಿದ್ರು. ಆದ್ರ ವಾರಕ್ಕೊಮ್ಮೆ ಸೊನ್ನಿ. ನನ್ನ ಚಂದದ ಗೆರಿ ಅಲ್ಲಿ ಬಾವ್ಯಾಗ ಬಿದ್ದಂಗ ಧಪ್ ಅಂತ ಇಳೀತಿತ್ತು. ತುಂಬೂದು ಮರತಾರ ಅಂತ ನಾನೇ ತಿಳಕೊಂಡೆ. ಫೋನ್ ಹಚ್ಚಿ ಕೇಳಿದ್ರ ಮುಗೀತಿತ್ತು. ಕೇಳಲಿಲ್ಲ. ಸೊನ್ನಿ ಕಂಡಲ್ಲಿ ಹಿಂದಿನ ದಿನದ್ದು, ಮುಂದಿನ ದಿನದ್ದು ಕೂಡಿಸಿ ಅರ್ಧಾ ಮಾಡಿ ಹಾಕು ಅಂತ ಕೋಡಿನಾಗ ಒಂದು ಸಾಲು ಬರದೆ. ಗೆರಿ ಅಗದಿ ನುಣ್ಣಗಾತು. ಹಸಿರು ಗುರುತು ಒತ್ತಿ ಚಹಾಕ್ಕ ಹೋದೆ.

ಮುಂದಿನ ವಾರ ದೊಡ್ಡ ಸಾಹೇಬ್ರು ಬಂದು ಅಕ್ಕಾರನ್ನ ಕರಿಸಿದ್ರು. ಅವರ ನೋಟಬುಕ್ ನನ್ನ ಚಾರ್ಟಿನ ಬಾಜು ಇಟ್ಟು ನೋಡಿದ್ರು.

"ನೋಟಬುಕ್ಕಿನಾಗ ಸೋಮವಾರ ಸೊನ್ನಿ, ಚಾರ್ಟಿನಾಗ ಹದಿನಾಲ್ಕು ಎಕರೆ. ಬರಿಯೂದೊಂದು, ಕಳಸೂದೊಂದು? ನಾಳಿಂದ ಕೆಲಸಕ್ಕ ಬರೂದು ಬ್ಯಾಡ."

"ನಾ ಸೊನ್ನೀನ ಕಳಿಸೇನ್ರಿ."

"ಹಸಿರು ಗುರುತು ಐತಲ್ಲ! ಚಾರ್ಟ್ ಹೆಂಗ ಸುಳ್ಳಾಗ್ತದ?"

ಆ ಹದಿನಾಲ್ಕು ಎಕರೆ ನನ್ನ ಸಾಲಿನ ಕೆಲಸ. ಸುಮ್ನಿದ್ರ ಹೋಗೂದು ಅವರ ನೌಕರಿ, ನಂದಲ್ಲ. ಖರೇ ಹೇಳ್ತೇನಿ, ಒಂದು ಗಳಿಗಿ ಸುಮ್ನೇ ಇದ್ದೆ. ನೆನಸಿಕೊಂಡ್ರ ಈಗ್ಲೂ ನಾಚಿಕಿ ಆಗ್ತದ.

ಅಕ್ಕಾರು ಸಾಹೇಬ್ರನ್ನ ಬಿಟ್ಟು ನನ್ನ ಕಡೆ ತಿರುಗಿದ್ರು. "ತಮ್ಮಾ, ನಮ್ಮೂರಾಗ ಸೋಮವಾರ ಎತ್ತು ಹೂಡಂಗಿಲ್ಲ. ಅದು ಬಸವಣ್ಣನ ದಿನ. ಬಿತ್ತೂ ಕೂರಿಗಿ ಮೂಲಿಗೆ ನಿಂತಿರ್ತದ. ನೀ ಯಾರ ಎತ್ತು ಹೊಡಕೊಂಡು ಹೋಗಿ ಹದಿನಾಲ್ಕು ಎಕರೆ ಬಿತ್ತಿದಿ?"

ನಾ ಗುಡಗೇರಿಯ ಕಾಳಿನ ವ್ಯಾಪಾರಸ್ಥರ ಮಗ. ಹೆಸರುಕಾಳು ನಮ್ಮನಿಗೆ ಚೀಲದಾಗ ಬರ್ತಿತ್ತು. ಯಾವ ದಿನ ಬಿತ್ತಿದ್ದು ಅಂತ ಯಾರು ಕೇಳಿದ್ರು?

"ಬಿತ್ತಿದಾಂವ ನಾನ ರೀ, ಸಾಹೇಬ್ರ," ಅಂದೆ. ಕೋಡಿನ ಆ ಸಾಲು ತೋರಿಸಿದೆ. ಅವರ ಎದುರಿಗೇ ಅಳಿಸಿದೆ. ಗೆರಿ ಸೋಮವಾರಕ್ಕೊಮ್ಮೆ ಸೊನ್ನಿಗೆ ಇಳಿದು ಅಕ್ಕಾರ ನೋಟಬುಕ್ಕಿಗೆ ಸರಿಯಾಗಿ ತಾಳೆ ಆತು.

ಸಾಹೇಬ್ರು ನೋಟಬುಕ್ ಅಕ್ಕಾರ ಕೈಗೆ ವಾಪಸ್ ಕೊಟ್ರು. ಆಮ್ಯಾಲೆ, "ನಾ ದುಡುಕಿದೆ, ಅಕ್ಕಾರ. ಇನ್ನ ಮ್ಯಾಲೆ ತಿರ್ಲಾಪುರದ ಹಸಿರು ಗುರುತು ನೀವೇ ಒತ್ರಿ," ಅಂದು ಮೌಸ್ ಅವರ ಕಡೆ ಸರಿಸಿದ್ರು. ಪಾರಾದೆ ಅಂತ ನಾ ಮೆಲ್ಲಕ ಎದ್ದೆ. ಅಕ್ಕಾರು ಮೌಸಿಗೆ ಕೈ ಹಚ್ಚಲೇ ಇಲ್ಲ. ಕುರ್ಚಿ ಎಳಕೊಂಡು ಕುಂತು, ಸೆರಗು ಸಿಗಿಸಿ, ನೋಟಬುಕ್ಕಿನ ಮೊದಲನೇ ಪುಟ ತಗದ್ರು.

"ಕುಂಡ್ರು ತಮ್ಮಾ. ಉಳಿದ ದಿನಾ ಏನೇನು ಬಿತ್ತಿದಿ, ಒಂದೊಂದ ತೋರಸು."