ಇಂದ್ರಮ್ಮನ ಬೆರಳಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ

ಬೆಳಿಗ್ಗೆ ಆರೂವರೆ. ತಮಿಳುನಾಡಿನ ಗಡಿಯೂರು ಹೊಸೂರಿನ ಕೋರ್ಟಿನ ಗೇಟು ಇನ್ನೂ ತೆರೆದಿಲ್ಲ. ಹೊರಗೆ ಹೊಂಗೆಮರದಡಿ ಇಂದ್ರಮ್ಮ ತಮಿಳು ಟೈಪ್‌ರೈಟರಿನ ಮೇಲಿನ ಗೋಣಿ ಸರಿಸಿ ಧೂಳು ಊದುತ್ತಿದ್ದಾರೆ. ಪಕ್ಕದ ತಳಿ ಎಂಬ ಊರಿನಿಂದ ಮೊದಲ ಬಸ್ಸಿಗೆ ಬರುವ ಇವರಿಗೆ ಐವತ್ತೆರಡು. ಗಂಡ ತೀರಿಕೊಂಡ ವರ್ಷ ಕಲಿತ ಟೈಪಿಂಗ್ ಇಪ್ಪತ್ತೆರಡು ವರ್ಷದಿಂದ ಅನ್ನ ಹಾಕುತ್ತಿದೆ.

ದಿನಕ್ಕೆ ಎಂಟೋ ಹತ್ತೋ ಅರ್ಜಿ. "ಜನ ಅಳೋದು ಕನ್ನಡ್ದಾಗೆ, ತೆಲುಗ್ನಾಗೆ. ನಾನ್ ಹೊಡೆಯೋದು ತಮಿಳ್ನಾಗೆ," ಎಂದು ನಗುತ್ತಾರೆ. ಗಂಡ-ಹೆಂಡಿರ ಕೇಸಾದರೆ ಹೊಸ ಕಾರ್ಬನ್ ಹಾಳೆ. ಕೆಲಸ ಮುಗಿದದ್ದೇ ಬರೆಸಿದವರ ಕಣ್ಣೆದುರೇ ಅದನ್ನು ಸುಡುತ್ತಾರೆ. ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತದಲ್ಲ!

2005ರಲ್ಲಿ ಬಂದ ಮಾಹಿತಿ ಹಕ್ಕು ಕಾಯ್ದೆಗೆ ಈಗ ಎರಡು ವರ್ಷ. ಇಂದ್ರಮ್ಮನ ತಲೆಬಿಸಿಗೂ ಅಷ್ಟೇ ವಯಸ್ಸು. ಈಚೆಗೆ ಹಿರಿಯರೊಬ್ಬರು ಬಂದು, ತಮ್ಮ ಮಗನಿಗೆ ನೋಡಿದ ಹುಡುಗಿಯ ಹಳೆಯ ವಿಚ್ಛೇದನದ ಕಡತ ಕೇಳಿ ಈ ಕಾಯ್ದೆಯಡಿ ಅರ್ಜಿ ಹೊಡೆಸಿದರು. ಆ ವಿಚ್ಛೇದನದ ಅರ್ಜಿ ಹೊಡೆದದ್ದೂ ಇದೇ ಇಂದ್ರಮ್ಮ! ಕಡತ ಗೋಪ್ಯ, ಕೊಡಲಾಗದು ಎಂದು ಉತ್ತರ ಬಂತು. ಹಿರಿಯರು ಮತ್ತೆ ಬಂದರು: "ನೀನೇ ಅಲ್ವೇನಮ್ಮಾ ಟೈಪ್ ಮಾಡಿದ್ದು? ತಪ್ಪು ಯಾರ್ದಿತ್ತು, ಒಂದ್ ಮಾತು ಹೇಳ್ಬುಡು." ಇಂದ್ರಮ್ಮ ಬಾಯಿ ಬಿಡಲಿಲ್ಲ.

ಒಂಬತ್ತರ ಹೊತ್ತಿಗೆ, ಇವರ ಬಗ್ಗೆ ಬರೆಯಲೆಂದು ಬಂದ ನಾನು ಅಲ್ಲೇ ಕೂತಿರುವಾಗ, ಆ ಹುಡುಗಿ ಕೆಂಡವಾಗಿ ಬರುತ್ತಾಳೆ. "ಇಂದ್ರಕ್ಕಾ, ಆ ಗಂಡ ನನ್ನ ಹೊಡೀತಿದ್ದ ಅಂತ ನಿನ್ಹತ್ರಾನೇ ಅಲ್ವಾ ಬರೆಸಿದ್ದು? 'ಅವಳ್ದೇನೂ ತಪ್ಪಿಲ್ಲ' ಅಂತ ಆ ಹಿರೀರಿಗೆ ಅಂದಿದ್ರೆ ಸಾಕಾಗಿತ್ತು. ನೀನು ಸುಮ್ಕಿದ್ದಿದ್ಕೆ ನಂದೇ ಏನೋ ತಪ್ಪೈತೆ ಅಂದ್ಕೊಂಡವ್ರೆ ಹುಡುಗನ ಮನೆಯೋರು. ಭಾನುವಾರದೊಳ್ಗೆ ಕೋರ್ಟಿನ ಕಾಗ್ದ ತೋರ್ಸದಿದ್ರೆ ಸಂಬಂಧ ಬ್ಯಾಡ ಅಂತವ್ರೆ!"

ಗುಟ್ಟು ಕಾಪಾಡಿದ್ದೇ ತಪ್ಪಾಯಿತೇ? ಅತ್ತ ದರಿ, ಇತ್ತ ಪುಲಿ. ಕೇಳುತ್ತ ಕೂತ ನನ್ನ ತಲೆಯೂ ಕೆಡುತ್ತದೆ.

"ಇವತ್ತು ನಿಂದು ಒಳ್ಳೇದು ಅಂತ ಹೇಳ್ಬುಟ್ರೆ, ನಾಳೆ ಇನ್ನೊಬ್ಳ ವಿಷ್ಯದಾಗೆ ಸುಮ್ಕಿದ್ರೆ ಅವಳ್ದು ಕೆಟ್ಟದ್ದು ಅಂತಾಗಲ್ವಾ?" ಎನ್ನುತ್ತಾರೆ ಇಂದ್ರಮ್ಮ. "ಸರೀನೋ ತಪ್ಪೋ, ನಂಗೂ ಗೊತ್ತಾಗ್ತಿಲ್ಲ ಕಣಮ್ಮಿ. ಕುಂತ್ಕೊ."

ಹುಡುಗಿ ಮೂಗೊರೆಸಿಕೊಂಡು ಸ್ಟೂಲಿನ ಮೇಲೆ ಕೂರುತ್ತಾಳೆ. ಇಂದ್ರಮ್ಮ ಹಾಳೆ ಏರಿಸುತ್ತಾರೆ. ಇದು ಮಾಹಿತಿ ಹಕ್ಕಿನದಲ್ಲ. ಕೇಸಿನವಳೇ ತನ್ನ ತೀರ್ಪಿನ ನಕಲು ಬೇಕೆಂದು ಕೋರ್ಟಿಗೆ ಕೊಡುವ ಅರ್ಜಿ. "ನಿನ್ ಕಾಗ್ದ. ನೀನೇ ಈಸ್ಕೊ, ನೀನೇ ತೋರ್ಸು."

ಗೇಟು ತೆರೆದೊಡನೆ ಅವಳು ಒಳಗೆ ಓಡುತ್ತಾಳೆ. ಭಾನುವಾರದೊಳಗೆ ನಕಲು ಸಿಗುತ್ತದೆಯೇ? ಇಂದ್ರಮ್ಮನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ಬೈದ್ಲು, ಬೈಲಿ ಸಾರ್," ಎನ್ನುತ್ತಾರೆ. "ಈ ಮರದಡಿ ಟೈಪ್ ಮಾಡೋರು ಇನ್ನೂ ಮೂರ್ ಜನ ಅವ್ರೆ. ಬೈದು ಮುಗ್ಸಿ, ಅವ್ರತ್ರ ಹೋಗ್ದೆ ನನ್ ಮುಂದೇನೇ ಕುಂತ್ಕಂಡ್ಲಲ್ಲ."