ಅರ್ಧ ರಸ್ತೆ ಗೋವಿನಜೋಳಕ್ಕೆ

ದೀಪಾವಳಿ ಮುಗಿದ ಮುಂದಿನ ವಾರ ಒಂದು ಬೆಳಿಗ್ಗೆ ಏಳೂವರೆಗೆ ಹಾವೇರಿ ಬಸ್ ನಿಲ್ದಾಣದಲ್ಲಿ ಬ್ಯಾಡಗಿ ಬಸ್ ಹತ್ತಿದೆ. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ತಂಗಿಗೆಂದು ಕಾಲು ಕಿಲೋ ಪೇಡೆ. ಕೋರ್ಟಿನ ಎದುರಿನ ಮರದ ಕೆಳಗೆ ಟೈಪು ಮಾಡಿಕೊಂಡು ಬದುಕು ಸಾಗಿಸಿದವನು ನಾನು. ಮೊದಲು ಯಂತ್ರದ ಮೇಲೆ ಕುಟ್ಟುತ್ತಿದ್ದೆ, ಈಗ ಕಂಪ್ಯೂಟರಿನ ಮೇಲೆ ಕುಟ್ಟುತ್ತೇನೆ. ನನಗೆ ಪ್ರವಾಸವೆಂದರೆ ಇಂಥ ಒಂದು ದಿನದ ಓಡಾಟವೇ. ಆದರೆ ಈ ಸಲ ನಾನು ಹೊರಟಿದ್ದು ಒಂದು ರಸ್ತೆಯನ್ನು ನೋಡಿ ಬರಲು.

ನನ್ನ ತಂಗಿ ಗಿರಿಜಾಳ ಊರು ರಾಣೇಬೆನ್ನೂರಿನಿಂದ ಮೇಡ್ಲೇರಿಗೆ ಹೋಗುವ ರಸ್ತೆಯ ಮೇಲಿದೆ. ಆರು ವರ್ಷದ ಹಿಂದೆ ಅವಳ ಗಂಡ ಬಸವರಾಜ ಅದೇ ರಸ್ತೆಯಲ್ಲಿ ತಗ್ಗು ತಪ್ಪಿಸಲು ಹೋಗಿ, ಎದುರಿಗೆ ಬಂದ ಲಾರಿಗೆ ಸಿಕ್ಕು ತೀರಿಕೊಂಡ. ಆಮೇಲೆ ಊರಿನವರೆಲ್ಲ ಸೇರಿ ರಸ್ತೆಗಾಗಿ ಮನವಿ ಕೊಡುತ್ತಾ ಹೋದರು. ಅವನ್ನೆಲ್ಲ ಪುಕ್ಕಟೆ ಟೈಪು ಮಾಡಿಕೊಟ್ಟವನು ನಾನು. ‘ಸದರಿ ರಸ್ತೆಯು ಅತ್ಯಂತ ಅಪಾಯಕಾರಿಯಾಗಿದ್ದು’ ಎಂಬ ಸಾಲು ನನ್ನ ಬೆರಳುಗಳಿಗೆ ಬಾಯಿಪಾಠವಾಗಿತ್ತು. ಕೊನೆಗೂ ಈ ಬೇಸಿಗೆಯಲ್ಲಿ ರಸ್ತೆ ಅಗಲವಾಗಿ, ಡಾಂಬರು ಬಿತ್ತು.

ಗಿರಿಜಾಳ ಮಗಳು ಸವಿತಾ ಬಿ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದಳು. ಅವಳು ಹೊರಗೆ ದುಡಿಯುವ ಮಾತೆತ್ತಿದಾಗಲೆಲ್ಲ ಅವಳವ್ವನ ಉತ್ತರ ಒಂದೇ: ರಸ್ತೆ ಆಗಲಿ, ಆಮೇಲೆ ನೋಡೋಣ. ಈಗ ರಸ್ತೆಯೂ ಆಯಿತು, ಬ್ಯಾಡಗಿಯ ಒಂದು ಮೆಣಸಿನಕಾಯಿ ಶೀತಲ ಗೋದಾಮಿನಲ್ಲಿ ಅವಳಿಗೆ ಕೆಲಸವೂ ಸಿಕ್ಕಿತು. ನಾನು ಹೊರಟ ಮರುದಿನವೇ ಬೆಳಿಗ್ಗೆ ಎಂಟೂವರೆಗೆ ಹಾಜರಾಗಬೇಕಿತ್ತು. ಊರಿಗೆ ಬರುವ ಮೊದಲ ಬಸ್ಸೇ ಒಂಬತ್ತೂಕಾಲಿಗೆ, ಹೀಗಾಗಿ ರಾಣೇಬೆನ್ನೂರಿನ ತನಕ ಸ್ಕೂಟಿಯೇ ಗತಿ. ಹಾವೇರಿಯ ನಮ್ಮ ಮನೆಯಲ್ಲೇ ಇದ್ದು ಹೋಗಿ ಬರಲಿ ಎಂದು ನಾನು ಹೇಳಿ ನೋಡಿದ್ದೆ. ಮಗಳಿಲ್ಲದ ಮನೆಯಲ್ಲಿ ತಾನು ಒಂದು ರಾತ್ರಿಯೂ ಮಲಗಲಾರೆ ಎಂದು ಗಿರಿಜಾ ಒಪ್ಪಿರಲಿಲ್ಲ. ಹಿಂದಿನ ದಿನ ಅವಳು ಫೋನು ಮಾಡಿ, “ಅಣ್ಣಾ, ನೀನ ಒಮ್ಮೆ ಬಂದು ರಸ್ತಾ ನೋಡು. ನೀ ಹೂಂ ಅಂದ್ರ ಕಳಸ್ತೇನಿ” ಅಂದಳು.

ಹೂಂ ಅನ್ನುವುದೆಂದು ನಾನು ಹಾವೇರಿಯಲ್ಲೇ ತೀರ್ಮಾನಿಸಿಬಿಟ್ಟಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರಿಗೆ ಟಿಕೀಟಿಲ್ಲ, ಗಂಡಸರಿಗೆ ಸೀಟಿಲ್ಲ ಎಂದು ಕಂಡಕ್ಟರನೇ ನಗೆಯಾಡಿದ. ಹೆದ್ದಾರಿಯ ಮೇಲೆ ಬಸ್ಸು ಅಲುಗಾಡದೆ ಓಡಿತು. ಕಂಬಿ ಹಿಡಿದು ನಿಂತು ನಾನು ತಂಗಿಯ ಮುಂದೆ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಬ್ಯಾಡಗಿಯಲ್ಲಿ ಇಳಿಯುತ್ತಲೇ ನಾಲ್ಕು ಸೀನು ಬಂದವು. ಹೊಸ ಮೆಣಸಿನಕಾಯಿ ಇನ್ನೂ ಜೋರಾಗಿ ಬಂದಿರಲಿಲ್ಲ, ಆದರೂ ಆ ಊರಿನ ಗಾಳಿಗೆ ಖಾರ ಬಿಡುವುದಿಲ್ಲ. ಗೋದಾಮು ಊರ ಹೊರಗಿತ್ತು, ಆಟೋದವನು ಐವತ್ತು ರೂಪಾಯಿ ತೆಗೆದುಕೊಂಡ. ಕಚೇರಿಯಲ್ಲಿ ಲೆಕ್ಕ ನೋಡುವ ಹೆಂಗಸು ನನ್ನನ್ನು ಕೂರಿಸಿ ಚಹಾ ಕೊಟ್ಟಳು. ಚೀಲಗಳಿಗೆ ಚೀಟಿ ಬರೆಯುವ ಕೆಲಸ, ಹೆಣ್ಣುಮಕ್ಕಳು ನಾಲ್ಕು ಜನ ಇದ್ದಾರೆ, ಸಂಜೆ ಐದೂವರೆಗೆ ಬಿಡುತ್ತೇವೆ ಎಂದೆಲ್ಲ ವಿವರಿಸಿದಳು. ಹೊರಡುವಾಗ ಮಾತ್ರ ಮೆಲ್ಲಗೆ, ನಾಳೆ ಬಾರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಕರೆಯಬೇಕಾಗುತ್ತದೆ, ಹುಡುಗಿಗೆ ಹೇಳಿಬಿಡಿ ಅಂದಳು. ಬರುತ್ತಾಳೆ ಎಂದು ನಾನು ಎದೆ ತಟ್ಟಿ ಹೇಳಿ, ನನ್ನ ಫೋನ್ ನಂಬರನ್ನೂ ಕೊಟ್ಟು ಬಂದೆ.

ರಾಣೇಬೆನ್ನೂರು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ನಿಲ್ದಾಣದ ಹೊರಗೆ ಒಂದು ಗಾಡಿಯಲ್ಲಿ ಮಂಡಕ್ಕಿ ಗಿರ್ಮಿಟ್ ಮಾಡಿಸಿಕೊಂಡು, ಜೊತೆಗೆ ಎರಡು ಮಿರ್ಚಿ ತಿಂದೆ. ತಿಂದು ಮುಗಿಸುವಷ್ಟರಲ್ಲಿ ಸವಿತಾ ಬಂದಳು. ತಲೆಗೆ ಹೆಲ್ಮೆಟ್, ನನಗೆಂದು ಇನ್ನೊಂದನ್ನು ಯಾರದೋ ಮನೆಯಿಂದ ಕೇಳಿ ತಂದಿದ್ದಳು. ಅದು ನನ್ನ ತಲೆಗೆ ಒಂದು ಬೆರಳು ಚಿಕ್ಕದಾಗಿತ್ತು. “ಮಾಮಾ, ಇವತ್ತ ನೀವು ಪರೀಕ್ಷಾ ಮಾಡೋರು, ನಾ ಪರೀಕ್ಷಾ ಬರಿಯಾಕಿ” ಎಂದು ನಕ್ಕಳು.

ಊರು ದಾಟಿದ ಮೇಲೆ ಹೊಸ ರಸ್ತೆ ಶುರುವಾಯಿತು. ನಾನು ಬಾಯಿ ಬಿಟ್ಟು ನೋಡಿದೆ. ಮೊದಲು ಒಂದು ಬಸ್ಸು ಬಂದರೆ ಸೈಕಲ್ಲಿನವನು ಮುಳ್ಳುಕಂಟಿಗೆ ಇಳಿಯಬೇಕಾಗಿದ್ದ ಜಾಗದಲ್ಲಿ ಎರಡು ಲಾರಿ ಆರಾಮಾಗಿ ಹಾಯುವಷ್ಟು ಅಗಲ. ನಡುವೆ ಬಿಳಿ ಪಟ್ಟಿ, ತಿರುವುಗಳಲ್ಲಿ ಬಾಣದ ಫಲಕ. ಬಸವರಾಜ ತಪ್ಪಿಸಲು ಹೋದ ತಗ್ಗು ಎಲ್ಲಿತ್ತೆಂದು ಹುಡುಕಿದೆ, ಸಿಗಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡೆ. ಇಷ್ಟು ವರ್ಷ ಕುಟ್ಟಿದ್ದಕ್ಕೆ ಒಂದು ಫಲ ಸಿಕ್ಕಿತು ಎಂದು ನನಗೆ ನಿಜಕ್ಕೂ ಸಂತೋಷವಾಗಿತ್ತು.

ಆ ಸಂತೋಷ ನಾಲ್ಕು ಕಿಲೋಮೀಟರು ಉಳಿಯಿತು. ಮುಂದೆ ರಸ್ತೆಯ ಎಡಗಡೆ ಅರ್ಧ ಹಳದಿಯಾಗಿತ್ತು. ಕಾಳು ಬಿಡಿಸಿದ ಗೋವಿನಜೋಳವನ್ನು, ಇಲ್ಲಿಯವರ ಬಾಯಲ್ಲಿ ಗೊಂಜಾಳ, ಉದ್ದಕ್ಕೂ ಹರವಿ ಒಣಗಲು ಹಾಕಿದ್ದರು. ಗಾಡಿಗಳು ಹಾಯದಿರಲೆಂದು ಸುತ್ತಲೂ ಸಾಲಾಗಿ ಕಲ್ಲು, ತೆಂಗಿನಕಾಯಿ ಗಾತ್ರದಿಂದ ಹಿಡಿದು ಬೀಸುಕಲ್ಲಿನ ಗಾತ್ರದವರೆಗೆ. ಒಂದು ರಾಶಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಸವಿತಾ ಬಲಗಡೆಗೆ ಸರಿದು, ಹಾರ್ನು ಹೊಡೆಯುತ್ತಾ, ನಿಧಾನಕ್ಕೆ ದಾಟಿಸುತ್ತಿದ್ದಳು. ಒಂದು ಕಡೆ ಎದುರಿನಿಂದ ಮರಳಿನ ಲಾರಿ ಒಂದೇ ಸಮನೆ ಬಂತು. ಹೊಸ ರಸ್ತೆಯೆಂದು ಲಾರಿಯವನಿಗೂ ಕಾಲು ನಿಲ್ಲುತ್ತಿರಲಿಲ್ಲ. ಅವಳು ಎರಡು ರಾಶಿಗಳ ನಡುವಿನ ಸಂದಿಯಲ್ಲಿ ಗಾಡಿ ನಿಲ್ಲಿಸಿ, ಕಾಲೂರಿ, ಲಾರಿ ಹೋಗುವ ತನಕ ಕಾದಳು. ಹುಡುಗಿ ಜಾಣೆ, ಇದೆಲ್ಲ ಹದಿನೈದು ದಿನದ ಸುಗ್ಗಿ, ಆಮೇಲೆ ರಸ್ತೆ ಖಾಲಿಯಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಊರಿನ ಮೊದಲ ಮನೆಯೇ ಗಿರಿಜಾಳದು. ಮನೆಯ ಮುಂದಿನ ರಸ್ತೆಯಲ್ಲೂ ಗೋವಿನಜೋಳ ಬಿದ್ದಿತ್ತು. ಸೆರಗು ಸಿಕ್ಕಿಸಿಕೊಂಡು, ಕಾಳಿನಲ್ಲಿ ಕಾಲು ಎಳೆಯುತ್ತಾ ಸಾಲು ಹೊಡೆದು ತಿರುವಿಹಾಕುತ್ತಿದ್ದ ಹೆಂಗಸು ನನ್ನ ತಂಗಿ. ಸುತ್ತಲೂ ಕಲ್ಲು. ಪೇಡೆಯ ಪೊಟ್ಟಣ ಕೊಟ್ಟೆ. ನೀರು ಕುಡಿದ ಮೇಲೆ, ಸ್ವಲ್ಪ ಸಿಟ್ಟಿನಿಂದಲೇ, ಕಣ ಬಿಟ್ಟು ರಸ್ತೆಯಲ್ಲಿ ಯಾಕೆ ಒಣಗಿಸುತ್ತೀ ಎಂದು ಕೇಳಿದೆ.

“ಕಣ ಎಲ್ಲಿ ಐತಿ ಅಣ್ಣಾ? ನೀ ನಿಂತೀಯಲ್ಲ, ಅದ ಕಣ” ಅಂದಳು.

ನಾನು ನಿಂತಿದ್ದು ಡಾಂಬರಿನ ಅಂಚಿನಲ್ಲಿ. ರಸ್ತೆ ಅಗಲ ಮಾಡುವಾಗ ಮನೆ ಮುಂದಿನ ಕಣವೆಲ್ಲ ಅದಕ್ಕೇ ಹೋಗಿತ್ತು. ಅವಳದಷ್ಟೇ ಅಲ್ಲ, ರಸ್ತೆ ಬದಿಯ ಎಲ್ಲರದೂ. ಹೊಲದಲ್ಲಿ ತಾಡಪತ್ರಿ ಹಾಸಿ ನೋಡಿದ್ದಾಳೆ, ಎರೆಮಣ್ಣಿನ ತೇವಕ್ಕೆ ಕಾಳು ಮುಗ್ಗುತ್ತದೆ. ಡಾಂಬರಿನ ಮೇಲಾದರೆ ಎರಡೇ ದಿನದಲ್ಲಿ ಗರಿಗರಿ. ನಾನು ಟೈಪು ಮಾಡಿದ ಯಾವ ಮನವಿಯಲ್ಲೂ ಕಣದ ಮಾತು ಇರಲಿಲ್ಲ. ಅದು ಯಾರಿಗೂ ಹೊಳೆದಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ನಾಲ್ಕು ಗಂಟೆಗೆ ಮೋಡ ಕವಿಯಿತು. ಮೂವರೂ ಸೇರಿ ಕಾಳು ಬಳಿದು ಚೀಲಕ್ಕೆ ತುಂಬಿದೆವು. ಮೂವತ್ತು ಚೀಲ ಪಡಸಾಲೆಗೆ ಸಾಗಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ರಸ್ತೆಯ ಮೇಲೆ ಕಲ್ಲುಗಳಷ್ಟೇ ಉಳಿದವು. ಇವನ್ನೂ ತೆಗೆಯೋಣ ಎಂದು ನಾನಂದೆ. ತೆಗೆದರೆ ಬೆಳಗಾಗುವುದರೊಳಗೆ ಆ ಜಾಗದಲ್ಲಿ ಬೇರೆಯವರು ಕಲ್ಲಿಡುತ್ತಾರೆ, ನಾಳೆ ನಾನೆಲ್ಲಿ ಒಣಗಿಸಲಿ ಎಂದು ಗಿರಿಜಾ ಕೇಳಿದಳು. ಸುಗ್ಗಿ ಮುಗಿಯುವ ತನಕ ಕಲ್ಲಿದ್ದವರದೇ ಜಾಗ, ಅದು ಈ ರಸ್ತೆಯ ಹೊಸ ಕಾಯಿದೆಯಂತೆ. ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಕಲ್ಲಿನ ಸಂದಿಗೆ ಸಿಕ್ಕಿಸಿದಳು. ನನಗೂ ದಣಿವಾಗಿತ್ತು. ಚಹಾ ಕುಡಿದು ನೋಡೋಣ ಎಂದುಕೊಂಡು ಒಳಗೆ ಹೋದೆ.

ಹೊತ್ತು ಮುಳುಗಿ, ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಮೊದಲು ಲಾರಿಯ ಹಾರ್ನು ಕೇಳಿತು, ಆಮೇಲೆ ಕಬ್ಬಿಣ ಡಾಂಬರಿಗೆ ಉಜ್ಜಿದ ಸದ್ದು. ಓಡಿ ಹೋಗಿ ನೋಡಿದರೆ ಒಂದು ಬೈಕು ಅಡ್ಡ ಬಿದ್ದಿತ್ತು. ಲಾರಿಯ ಬೆಳಕು ಕಣ್ಣಿಗೆ ಹೊಡೆದು ಎಡಕ್ಕೆ ಸರಿದವನು ನಮ್ಮ ಕಲ್ಲಿಗೇ ಬಡಿದಿದ್ದ. ಮುಂದಿನ ಊರಿನ ಗೌಂಡಿ, ರಾಣೇಬೆನ್ನೂರಿನಲ್ಲಿ ಗಾರೆ ಕೆಲಸ ಮುಗಿಸಿ ಬರುತ್ತಿದ್ದವನು. ಕರಣಿ, ತೂಕದ ಗುಂಡು ಎಲ್ಲ ರಸ್ತೆಯ ಮೇಲೆ ಚೆಲ್ಲಿದ್ದವು. ಗದ್ದ ಸೀಳಿತ್ತು, ಬಲಗೈ ಮೊಣಕೈಯಿಂದ ಕೆಳಗೆ ತಿರುಚಿಕೊಂಡಿತ್ತು. ಲಾರಿಯವನು ನಿಲ್ಲಿಸಲಿಲ್ಲ.

ಜನ ಸೇರಿದರು. ಕಲ್ಲು ಯಾರವು ಎಂದು ಯಾರೂ ಕೇಳಲಿಲ್ಲ. ಗಿರಿಜಾ ನೀರಿನ ತಂಬಿಗೆ ಹಿಡಿದು ಕಂಬದ ಹಾಗೆ ನಿಂತಿದ್ದಳು. ನಾನೂ ಬಾಯಿ ಬಿಡಲಿಲ್ಲ, ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಸವಿತಾ ಮಾತ್ರ ಕೆಳಗೆ ಕೂತು, ತನ್ನ ಓಢಣಿಯಿಂದ ಅವನ ಗದ್ದ ಒತ್ತಿಹಿಡಿದು, “ಕಾಕಾ, ಈ ಕಲ್ಲು ನಮ್ಮವು” ಅಂದಳು.

ಅವನು ಬಯ್ಯುತ್ತಾನೆಂದು ನಾನು ಕಾದೆ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಹಲ್ಲು ಕಚ್ಚಿ ನೋವು ನುಂಗಿಕೊಂಡು ಅವನು ಹೇಳಿದ್ದಿಷ್ಟು: “ಇರ್ಲಿ ಬಿಡ ತಂಗಿ. ನಮ್ಮ ಗೊಂಜಾಳಕ್ಕ ನಾನೂ ಹಿಂಗ ಕಲ್ಲ ಇಟ್ಟ ಬಂದೇನಿ.”

ಊರಿನ ಒಂದು ಸಾಮಾನು ಗಾಡಿಯಲ್ಲಿ ಅವನನ್ನು ಮಲಗಿಸಿ ರಾಣೇಬೆನ್ನೂರಿಗೆ ಕಳಿಸಿದರು. ಗಾಡಿಯ ಕೆಂಪು ದೀಪ ಅದೇ ರಸ್ತೆಯ ಉಳಿದ ರಾಶಿಗಳ ಪಕ್ಕದಲ್ಲಿ ಅತ್ತಿತ್ತ ಸರಿಯುತ್ತಾ ಹೋಯಿತು. ನಾನು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಕಟ್ಟೆಯ ಬದಿಗೆ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಕೈ ಹಚ್ಚಲೂ ಇಲ್ಲ.

ಊಟಕ್ಕೆ ಕೂತಾಗ ಗಿರಿಜಾ ರೊಟ್ಟಿ ಮುರಿದು ಹಾಗೇ ಇಟ್ಟಳು. ನಾನು ಬೆಳಗಿನಿಂದ ಜೋಡಿಸಿಕೊಂಡಿದ್ದ ಮಾತು ಶುರು ಮಾಡಿದೆ. ಹುಡುಗಿ ಗಾಡಿ ಚೆನ್ನಾಗಿ ಓಡಿಸುತ್ತಾಳೆ, ಇನ್ನು ಹದಿನೈದು ದಿನ ಬಿಟ್ಟರೆ... ಅವಳು ನನ್ನ ಮಾತನ್ನು ಅರ್ಧಕ್ಕೇ ತಡೆದಳು.

“ನೀ ಹೂಂ ಅನ್ನೂದು ಬ್ಯಾಡ ಅಣ್ಣಾ. ನಾನ ನೋಡಿದೆ.”

ಆಗ ಸವಿತಾ ಅವ್ವನ ಕೈ ಹಿಡಿದುಕೊಂಡಳು. ನಮ್ಮ ಕಲ್ಲನ್ನು ನಾವು ಮತ್ತೆ ಇಡುವುದು ಬೇಡ, ನಾಳೆ ಓಣಿಯವರಿಗೂ ನಾನೇ ಹೇಳುತ್ತೇನೆ ಎಂದು ಬೇಡಿಕೊಂಡಳು. ಗಿರಿಜಾಳ ಕಣ್ಣಲ್ಲಿ ನೀರಿರಲಿಲ್ಲ. “ನಮ್ಮವು ತಗದ್ರ ಏನಾತವಾ? ರಾಣೇಬೆನ್ನೂರ ತನಕ ಅದಾವು. ನನ್ನಂಥಾಕಿ ಮನಿಗೊಬ್ಬಾಕಿ ಅದಾಳ. ಅವ್ರು ತಗಿಯೂದಿಲ್ಲ. ನಾಳೆ ನಾನೂ ಮತ್ತ ಇಡಾಕಿನ, ನಂಗ ಗೊತ್ತೈತಿ. ನಿನ್ನ ಹೆಂಗ ಕಳಸ್ಲಿ?”

ತಗ್ಗಿದ್ದರೆ ಮನವಿ ಕೊಡಬಹುದು. ಇದಕ್ಕೆ ಯಾರಿಗೆ ಕೊಡುವುದು? ಸವಿತಾ ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಒಳಗಿನಿಂದ ಪಾತ್ರೆ ತಿಕ್ಕುವ ಸದ್ದು ಬಂತು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮೋಡ ಹರಿದು ಬಿಸಿಲು ಬಿದ್ದಿತ್ತು. ಚೀಲಗಳು ಪಡಸಾಲೆಯಲ್ಲಿ ಇರಲಿಲ್ಲ. ಎಂಟೂವರೆಗೆ ಬ್ಯಾಡಗಿಯ ಆ ಹೆಂಗಸು ನನಗೇ ಫೋನು ಮಾಡಿದಳು. ಬರುವುದಿಲ್ಲ ಎಂದೆ. ಅವಳು ಕಾರಣ ಕೇಳಿದಳು, ಮನೆಯಲ್ಲಿ ತೊಂದರೆ ಎಂದು ಸುಳ್ಳು ಹೇಳಿದೆ.

ಒಂಬತ್ತೂಕಾಲರ ಬಸ್ಸು ಒಂಬತ್ತೂವರೆಗೆ ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ, ಈ ಸಲ ಸೀಟೂ ಸಿಕ್ಕಿತು. ಮನೆಯ ಮುಂದೆ ಡ್ರೈವರು ಗೊಣಗುತ್ತಾ ಎಡದ ಅಂಚಿಗೆ ಸರಿಸಿದ. ನಾನು ನಿನ್ನೆ ಎತ್ತಿ ಹಾಕಿದ್ದ ಕಲ್ಲುಗಳು ಒಂದೂ ಬಿಡದೆ ಮತ್ತೆ ರಸ್ತೆಗೆ ಬಂದಿದ್ದವು. ಸವಿತಾ ಬರಿಗಾಲಿನಲ್ಲಿ ಕಾಳಿನೊಳಗೆ ಕಾಲೆಳೆಯುತ್ತಾ ಸಾಲು ಹೊಡೆಯುತ್ತಿದ್ದಳು. ಬಸ್ಸು ಹತ್ತಿರ ಬಂದಾಗ ಅವಳು ತಲೆ ಎತ್ತಲಿಲ್ಲ. ಚಕ್ರಕ್ಕೆ ಸಿಗುವ ಹಾಗೆ ಹೊರಗೆ ಸರಿದಿದ್ದ ಒಂದು ಕಲ್ಲನ್ನು ಕಾಲಿನಿಂದ ಒಳಗೆ ನೂಕಿಕೊಂಡು, ಹಿಂದಿನ ಸಾಲಿಗೆ ತಿರುಗಿದಳು.