ನೋಡಲು ಏನೂ ಇಲ್ಲದ ಊರು

ಹಗರೆ ಹೈಸ್ಕೂಲಿನ ಗಣಿತದ ಮೇಡಂ ಆಶಾರಾಣಿ ಮೊಬೈಲಿನಲ್ಲಿ ಇಟಲಿಯ ಕಡಲ ದಂಡೆಯ ಒಂದು ಹಳ್ಳಿ ಹುಡುಕುತ್ತಿದ್ದಳು. ಬೇಸಿಗೆ ರಜೆಗೆ ಗಂಡ ಹೆಂಡತಿ ಹೋಗುವುದು ಗಟ್ಟಿಯಾಗಿತ್ತು, ಪಾಸ್‌ಪೋರ್ಟೂ ಬಂದಿತ್ತು. ಅವಳ ಷರತ್ತು ಒಂದೇ: ಆ ಊರಲ್ಲಿ ನೋಡುವಂಥದ್ದು ಏನೂ ಇರಕೂಡದು. ಹಳೇ ಚರ್ಚು ಕಂಡರೆ ಆ ಊರನ್ನು ಕೈಬಿಟ್ಟಳು, ಮುರುಕು ಕೋಟೆ ಕಂಡರೆ ಅದನ್ನೂ ಬಿಟ್ಟಳು. ಕೊನೆಗೆ ನಾಲ್ಕು ದೋಣಿ, ಒಂದು ಬೆಂಚು, ಎದುರಿಗೆ ನೀರು, ಇಷ್ಟೇ ಇರುವ ಊರು ಸಿಕ್ಕಿತು.

ಇದಕ್ಕೆಲ್ಲ ಕಾರಣ ಗಂಡ ಸ್ವಾಮಿ. ಹಳೇಬೀಡಿನ ಗುಡಿಯಲ್ಲಿ ಗೈಡು. ಕಲ್ಲು ಕಂಡರೆ ಸಾಕು, ಬಾಯಿ ತೆರೆಯುವವನು. ನೆಂಟರ ಮನೆಯ ಒರಳುಕಲ್ಲನ್ನೂ ಬಿಟ್ಟವನಲ್ಲ. ಅವಳು ಗುಡಿಗೆ ಹೋದ ದಿನವಂತೂ ಮುಗಿದೇ ಹೋಯಿತು. "ಇದು ಬಳಪದ ಕಲ್ಲು. ಅಗೆದಾಗ ಮೆತ್ತಗಿರುತ್ತೆ, ಗಾಳಿ ತಾಗ್ತಾ ತಾಗ್ತಾ ಗಟ್ಟಿಯಾಗುತ್ತೆ. ನಮ್ಮ ಮನೆಯವರ ಥರ," ಎಂದು ಅವಳತ್ತ ಕೈ ತೋರಿಸುವನು. ಪ್ರವಾಸಿಗರು ನಗುವರು, ಅವಳಿಗೆ ಮೈ ಉರಿಯುವುದು. ಒಂದು ವಾರ, ಬರೀ ಒಂದು ವಾರ, ಮಾತಾಡದ ಗಂಡನ ಪಕ್ಕ ಕೂತು ಅಲೆ ನೋಡಬೇಕೆಂಬುದು ಅವಳ ಆಸೆ.

"ಬಾಯಿ ಮುಚ್ಕೊಂಡಿರೋಕೆ ಆಗುತ್ತಾ? ಆಗಲ್ಲ ಅಂದ್ರೆ ಈಗಲೇ ಹೇಳಿ, ತಂಗೀನ ಕರ್ಕೊಂಡು ಹೋಗ್ತೀನಿ."

"ಆಗದೆ ಏನು ಕಣೇ. ಪರೀಕ್ಷೆ ಮಾಡಿ ನೋಡು," ಎಂದ ಸ್ವಾಮಿ.

ಮೇಡಂ ಅಲ್ಲವೇ, ಕಷ್ಟದ ಪ್ರಶ್ನೆಯನ್ನೇ ಕೊಟ್ಟಳು. ಭಾನುವಾರ ಅವನನ್ನು ಅರಸೀಕೆರೆಯ ಶಿವಾಲಯಕ್ಕೆ ಕರೆದೊಯ್ದಳು. ಸ್ವಾಮಿ ಕೈ ಹಿಂದೆ ಕಟ್ಟಿ, ತುಟಿ ಬಿಗಿದುಕೊಂಡು ಕಂಬಗಳನ್ನು ಸುತ್ತಿದ. ಮಂಟಪದಲ್ಲಿ ಕಣಕಟ್ಟೆ ಕಡೆಯ ಒಂದು ಸಂಸಾರ ನಿಂತಿತ್ತು. ಯಜಮಾನ ಹೆಂಡತಿಗೆ ತಿಳಿಸಿ ಹೇಳುತ್ತಿದ್ದ: "ಇದು ಚೋಳರು ಕಟ್ಸಿದ್ದು. ಕಲ್ಲಂಗೆ ಕಾಣ್ತೈತೆ ಅಷ್ಟೆ, ಎಲ್ಲಾ ಸಿಮೆಂಟು."

ಸ್ವಾಮಿಯ ಕಿವಿ ಕೆಂಪಾಯಿತು. ಆದರೂ ಚಾವಣಿ ನೋಡುತ್ತ ನಿಂತ.

"ಸಿಮೆಂಟಲ್ಲ ಕಣ್ರೀ," ಎಂದವಳು ಆಶಾರಾಣಿ. ಮಾತು ಬಾಯಿಂದ ಬಿದ್ದ ಮೇಲೇ ಅವಳಿಗೆ ಗೊತ್ತಾಗಿದ್ದು. "ಹೊಯ್ಸಳರದ್ದು. ಬಳಪದ ಕಲ್ಲು. ಮಂಟಪ ನಕ್ಷತ್ರದ ಆಕಾರದಲ್ಲಿದೆ, ಈ ಕಡೆ ಬನ್ನಿ." ಥೇಟ್ ಗಂಡನ ಹಾಗೆಯೇ ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಅವರನ್ನು ಕರೆದೊಯ್ದಳು. "ಅಗೆದಾಗ ಮೆತ್ತಗಿರುತ್ತೆ, ಗಾಳಿ ತಾಗ್ತಾ ತಾಗ್ತಾ ಗಟ್ಟಿಯಾಗುತ್ತೆ. ನಮ್ಮ ಮನೆಯವರ ಥರ," ಎಂದು ಸ್ವಾಮಿಯತ್ತ ಕೈ ತೋರಿಸಿದಳು. ಎಲ್ಲರೂ ಅವನನ್ನೇ ನೋಡಿ ನಕ್ಕರು. ಎಂಥ ಖುಷಿ ಅದು. ಇಷ್ಟು ವರ್ಷ ಇದನ್ನು ಇವನೊಬ್ಬನೇ ಅನುಭವಿಸಿದನಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಸ್ವಾಮಿ ಕೇಳಿದ: "ನಾನು ಪಾಸು ತಾನೇ?"

"ಪಾಸು," ಎಂದಳು, ಮೊಬೈಲಿನಿಂದ ತಲೆ ಎತ್ತದೆ.

"ಮತ್ತೇನು ಹುಡುಕ್ತಿದ್ದೀಯ?"

"ಬೇರೆ ಊರು. ಹಳೇ ಚರ್ಚು ಇರೋದು. ಅಲ್ಲಿ ನಾನು ಹೇಳ್ತೀನಿ, ನೀವು ಸುಮ್ನೆ ಕೇಳಿ."